ಪುಟ್ಟ ಪಾಪುವಿನ ಹಗಲು ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದಾಗಿನಿಂದ ಸುಮಾರು ಒಂಬತ್ತು ತಿಂಗಳವರೆಗಿನ ಮಕ್ಕಳ ಹಗಲು ನಿದ್ದೆಯ ಬಗ್ಗೆ ಅಪ್ಪ ಅಮ್ಮಂದಿರು, ಅಜ್ಜಿಯರು ಕೇಳುವ ಪ್ರಶ್ನೆಗಳು ಇಲ್ಲಿವೆ. ರಾತ್ರಿಯ ಮಾತು ಬೇಕಾದಷ್ಟೇ ಬರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬೇಡಿ, ಡಾಕ್ಟರ್ ಕೊಟ್ಟಿದ್ದ ಹೆರಿಗೆಯ ತಾರೀಖಿನಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿದ ಐದು ತಿಂಗಳ ಕೂಸು ನಿದ್ದೆಯ ಲೆಕ್ಕದಲ್ಲಿ ಮೂರು ತಿಂಗಳಿನದೇ.

ಮಗು ಒಟ್ಟು ಎಷ್ಟು ಹೊತ್ತು ಮಲಗಬೇಕು? ಹಗಲಲ್ಲಿ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಮೂರು ತಿಂಗಳವರೆಗೆ 24 ಗಂಟೆಯಲ್ಲಿ 14ರಿಂದ 17 ಗಂಟೆ, 4ರಿಂದ 11 ತಿಂಗಳವರೆಗೆ 12ರಿಂದ 16 ಗಂಟೆ. ಹಗಲು ರಾತ್ರಿ ಎರಡೂ ಸೇರಿ. 12ಕ್ಕೂ 16ಕ್ಕೂ ನಡುವೆ ನಾಲ್ಕು ಗಂಟೆ ಅಂತರ ಇದೆ ನೋಡಿ. ಪಕ್ಕದ ಮನೆ ಮಗು ನಿಮ್ಮ ಮಗುವಿಗಿಂತ ನಾಲ್ಕು ಗಂಟೆ ಜಾಸ್ತಿ ಮಲಗಿದರೂ ಎರಡೂ ಸರಿಯಾಗೇ ಇರಬಹುದು.

ಹಗಲಿನ ನಿದ್ದೆಗಳ ಸಂಖ್ಯೆ ತಿಂಗಳು ಕಳೆದಂತೆ ಇಳಿಯುತ್ತದೆ. ಮೊದಲ ಎರಡು ತಿಂಗಳು ಲೆಕ್ಕವೇ ಇರುವುದಿಲ್ಲ, ನಾಲ್ಕೋ ಐದೋ ಆರೋ. ನಾಲ್ಕು ತಿಂಗಳ ಹೊತ್ತಿಗೆ ಮೂರು ನಾಲ್ಕು. ಆರು ತಿಂಗಳಿಗೆ ಎರಡು ಮೂರು. ಒಂಬತ್ತು ತಿಂಗಳಿಗೆ ಹೆಚ್ಚಿನ ಮಕ್ಕಳು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎನ್ನುವಲ್ಲಿಗೆ ಬರುತ್ತಾರೆ.

ಗಂಟೆ ಲೆಕ್ಕಕ್ಕಿಂತ ಮಗುವಿನ ಮುಖ ಜಾಸ್ತಿ ಹೇಳುತ್ತದೆ. ಎದ್ದಾಗ ಗೆಲುವಾಗಿದೆಯಾ, ಹಾಲು ಚೆನ್ನಾಗಿ ಕುಡಿಯುತ್ತಿದೆಯಾ, ತೂಕ ಏರುತ್ತಿದೆಯಾ? ಮೂರಕ್ಕೂ ಹೌದು ಅನ್ನುವುದಾದರೆ ಮೊಬೈಲಿನ ನಿದ್ದೆ ಆ್ಯಪ್ ಕೆಂಪು ಬಣ್ಣ ತೋರಿಸಿದರೂ ಚಿಂತೆ ಬೇಡ.

ಹಗಲೆಲ್ಲ ಮಲಗುತ್ತಾನೆ, ರಾತ್ರಿ ಕಣ್ಣು ಬಿಟ್ಟುಕೊಂಡು ಆಡುತ್ತಾನೆ. ಏನು ಮಾಡುವುದು?

ಮೊದಲ ವಾರಗಳಲ್ಲಿ ಇದು ತುಂಬ ಮಾಮೂಲು. ಹಗಲು ರಾತ್ರಿಯ ವ್ಯತ್ಯಾಸ ತಿಳಿಸುವ ಒಳಗಿನ ಗಡಿಯಾರ ಹುಟ್ಟುವಾಗ ಇನ್ನೂ ತಯಾರಾಗಿರುವುದಿಲ್ಲ. ರಾತ್ರಿಯಾಯಿತು ಎಂದು ದೇಹಕ್ಕೆ ಹೇಳುವ ಮೆಲಟೋನಿನ್ ಹಾರ್ಮೋನು ಮಗುವಿನಲ್ಲಿ ಒಂದು ಲಯಕ್ಕೆ ಬರುವುದಕ್ಕೆ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿಯ ಎದೆಹಾಲಿನಲ್ಲಿ ಅಮ್ಮನ ಮೆಲಟೋನಿನ್ ಸ್ವಲ್ಪ ಮಗುವಿಗೆ ಸಿಗುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಅದು ಬಾಣಂತಿ ಕೋಣೆ. ಗಾಳಿ ತಾಗಬಾರದು ಎಂದು ಕಿಟಕಿ ಮುಚ್ಚಿ, ಪರದೆ ಎಳೆದು, ತಾಯಿ ಮಗು ಇಬ್ಬರನ್ನೂ ಮಬ್ಬುಗತ್ತಲಲ್ಲಿ ಇಡುತ್ತಾರೆ. ರಾತ್ರಿ ಮಗು ಅತ್ತ ತಕ್ಷಣ ಟ್ಯೂಬ್‌ಲೈಟ್ ಹಾಕಿ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ಅಂದರೆ ಮಗುವಿಗೆ ಹಗಲು ಕತ್ತಲೆ, ರಾತ್ರಿ ಬೆಳಕು. ಆಮೇಲೆ ಅದು ಯಾವುದನ್ನು ಹಗಲು ಎಂದುಕೊಳ್ಳಬೇಕು?

ಬಾಣಂತನದ ಉಳಿದ ಪಥ್ಯ ಹೇಗೇ ಇರಲಿ, ಬೆಳಗ್ಗೆ ಆರೂವರೆ ಏಳಕ್ಕೆ ಪರದೆ ಸರಿಸಿಬಿಡಿ. ಗಾಳಿಯ ಭಯವಿದ್ದರೆ ಗಾಜು ಮುಚ್ಚಿಯೇ ಇರಲಿ, ಬೆಳಕು ಬಂದರೆ ಸಾಕು. ಹಗಲಿನ ಹಾಲನ್ನು ಬೆಳಕಿರುವ ಜಾಗದಲ್ಲಿ ಕೊಡಿ, ಮಾತಾಡಿಸುತ್ತ ಕೊಡಿ. ಮೊದಲ ಆರೆಂಟು ವಾರ ಹಗಲು ನಿದ್ದೆಯೂ ಬೆಳಕಿನಲ್ಲೇ ಆಗಲಿ. ಒಂದೇ ಸಮನೆ ಮೂರು ಗಂಟೆ ಮಲಗಿದರೆ ಮೆಲ್ಲಗೆ ಎಬ್ಬಿಸಿ ಹಾಲು ಕೊಡಿ. ಹಗಲು ಕುಡಿಯದ ಹಾಲನ್ನು ಅದು ರಾತ್ರಿ ಕೇಳುತ್ತದೆ. ರಾತ್ರಿ ಮಾತ್ರ ಇದರ ತಿರುವುಮುರುವು: ಸಣ್ಣ ದೀಪ, ಕಡಿಮೆ ಮಾತು, ಹಾಲು, ಬಟ್ಟೆ ಬದಲಾವಣೆ, ಮತ್ತೆ ಹಾಸಿಗೆ. ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ಸರಿದಾರಿಗೆ ಬರುತ್ತದೆ.

ಮಲಗೇ ಇರುವ ಮಗುವನ್ನು ಎಬ್ಬಿಸಬಾರದು ಅಂತಾರಲ್ಲ?

ಹುಟ್ಟಿದ ಹೊಸತರಲ್ಲಿ, ಮಗು ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುವವರೆಗೆ, ಎಬ್ಬಿಸಲೇಬೇಕು. ಸಾಮಾನ್ಯವಾಗಿ ಇದಕ್ಕೆ ಎರಡು ವಾರ ಹಿಡಿಯುತ್ತದೆ. ಕಾಮಾಲೆ ಇರುವ ಮಗುವಂತೂ ನಿದ್ದೆಗಣ್ಣಲ್ಲೇ ಇರುತ್ತದೆ, ತಾನಾಗಿ ಹಾಲು ಕೇಳುವುದಿಲ್ಲ. ತೂಕ ಏರುತ್ತಿರುವ ಎರಡು ತಿಂಗಳ ಮಗುವನ್ನು ನೆಂಟರಿಗೆ ತೋರಿಸಲು ಎಬ್ಬಿಸುವುದು ಬೇರೆ ವಿಷಯ. ಅದಕ್ಕೆ ಬೇಡ ಎನ್ನಿ.

ನಿದ್ದೆ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಆಕಳಿಕೆ, ಕಣ್ಣುಜ್ಜುವುದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲೇ ಸುಳಿವು ಸಿಗುತ್ತದೆ. ಮಗು ನಿಮ್ಮ ಮುಖದಿಂದ ದೃಷ್ಟಿ ತಿರುಗಿಸುತ್ತದೆ. ಗೋಡೆಯನ್ನೋ ಫ್ಯಾನನ್ನೋ ಸುಮ್ನೆ ದಿಟ್ಟಿಸುತ್ತದೆ. ಕೈಕಾಲಿನ ಆಟ ನಿಧಾನವಾಗುತ್ತದೆ. ಹುಬ್ಬಿನ ಸುತ್ತ ಕೆಂಪಾಗುತ್ತದೆ. ಕಿವಿ ಎಳೆದುಕೊಳ್ಳುತ್ತದೆ. ಈ ಗಳಿಗೆಯಲ್ಲಿ ಮಲಗಿಸಲು ಹೊರಟರೆ ಕೆಲಸ ಅರ್ಧ ಮುಗಿದಂತೆ. ಬೆನ್ನು ಸೆಟೆಸಿ ರಚ್ಚೆ ಹಿಡಿದ ಮೇಲೆ ಹೊರಟರೆ ಮುಕ್ಕಾಲು ಗಂಟೆ ಹೋರಾಟ.

ಸುಳಿವು ಹಿಡಿಯಲು ಕಷ್ಟವಾದರೆ ಗಡಿಯಾರದ ಸಹಾಯ ಪಡೆಯಿರಿ. ಮೊದಲ ತಿಂಗಳು ಮಗು ಎದ್ದಿರಲು ಆಗುವುದು ಮುಕ್ಕಾಲರಿಂದ ಒಂದು ಗಂಟೆ, ಅದರಲ್ಲಿ ಹಾಲು ಕುಡಿಯುವ ಹೊತ್ತೂ ಸೇರಿದೆ. ಎರಡು ಮೂರು ತಿಂಗಳಿಗೆ ಒಂದರಿಂದ ಒಂದೂವರೆ ಗಂಟೆ. ನಾಲ್ಕು ತಿಂಗಳಿಗೆ ಒಂದೂವರೆಯಿಂದ ಎರಡು. ಆರು ತಿಂಗಳಿಗೆ ಎರಡರಿಂದ ಮೂರು. ಇವು ಅನುಭವದ ಅಂದಾಜು, ಶಾಸನವಲ್ಲ. ಬೆಳಗಿನ ಮೊದಲ ಅವಧಿ ಎಲ್ಲಕ್ಕಿಂತ ಚಿಕ್ಕದು. ಏಳಕ್ಕೆ ಎದ್ದ ಮೂರು ತಿಂಗಳ ಮಗು ಎಂಟೂಕಾಲಿಗೆ ತೂಕಡಿಸಿದರೆ "ಈಗ ತಾನೇ ಎದ್ದಿದೆಯಲ್ಲ" ಎಂದು ಆಡಿಸಲು ಹೋಗಬೇಡಿ.

ಚೆನ್ನಾಗಿ ಸುಸ್ತಾಗಲಿ, ಆಮೇಲೆ ಗಡದ್ದಾಗಿ ಮಲಗುತ್ತೆ ಅಂತಾರೆ. ನಿಜಾನಾ?

ದೊಡ್ಡವರಿಗೆ ನಿಜ. ಕೂಸಿಗೆ ಉಲ್ಟಾ. ಮಿತಿ ಮೀರಿ ಎಚ್ಚರವಾಗಿದ್ದ ಮಗು ನಿದ್ದೆಗೆ ಜಾರಲಾರದೆ ಒದ್ದಾಡುತ್ತದೆ, ಮಲಗಿದರೂ ಬೇಗ ಏಳುತ್ತದೆ. ನಾಮಕರಣದ ದಿನ ನೋಡಿ: ಬೆಳಗ್ಗೆಯಿಂದ ಹತ್ತಾರು ಕೈ ಬದಲಾಗಿ, ಫೋಟೋ ತೆಗೆಸಿಕೊಂಡು, ಸಂಜೆ ಮಗು ಎಂಥ ಹಟ ಮಾಡುತ್ತದೆ! ದೃಷ್ಟಿಯಾಗಿದೆ ಎನ್ನುತ್ತಾರೆ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಜೊತೆಗೆ ಒಂದು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಸಿ.

ಎಲ್ಲಿಂದ ಶುರು ಮಾಡಬೇಕು? ಇಡೀ ದಿನಕ್ಕೆ ಟೈಮ್‌ಟೇಬಲ್ ಹಾಕಬೇಕಾ?

ಬೇಡ. ಒಂದೇ ಒಂದು ನಿದ್ದೆ ಆರಿಸಿಕೊಳ್ಳಿ, ಬೆಳಗಿನ ಮೊದಲ ನಿದ್ದೆ. ಆಗ ಮಗು ಅತಿಯಾಗಿ ದಣಿದಿರುವುದಿಲ್ಲ, ಮನೆಯೂ ಸ್ವಲ್ಪ ತಂಪಾಗಿರುತ್ತದೆ. ಹಗಲು ನಿದ್ದೆಗಳಲ್ಲಿ ಮೊದಲು ಹದಕ್ಕೆ ಬರುವುದು ಸಾಮಾನ್ಯವಾಗಿ ಇದೇ. ಇದನ್ನು ಮಾತ್ರ ದಿನಾ ಒಂದೇ ಜಾಗದಲ್ಲಿ, ಒಂದೇ ರೀತಿ ಮಾಡಿಸಿ. ಉಳಿದವು ತೊಟ್ಟಿಲಲ್ಲೋ ತೊಡೆಯಲ್ಲೋ ಹೆಗಲ ಮೇಲೋ ಆಗಲಿ, ಬಿಡಿ.

ಒಂದೇ ರೀತಿ ಎಂದರೆ ದೊಡ್ಡ ಕಾರ್ಯಕ್ರಮವೇನಲ್ಲ. ಐದು ಹತ್ತು ನಿಮಿಷದ್ದು ಸಾಕು. ಬಟ್ಟೆ ಬದಲಿಸಿ, ಪರದೆ ಎಳೆದು, ಮಡಿಲಲ್ಲಿ ಹಾಕಿಕೊಂಡು ಒಂದು ಜೋಗುಳ. ನಿಮ್ಮ ಮನೆಯ ಜೋಗುಳವೇ ಆಗಲಿ, ರಾಗ ತಪ್ಪಿದರೂ ಮಗುವಿಗೆ ತಕರಾರಿಲ್ಲ. ಮುಖ್ಯ ವಿಷಯ, ದಿನಾ ಅದೇ ಹಾಡು, ಅದೇ ಕ್ರಮ. ಕೆಲವು ವಾರಗಳಲ್ಲಿ ಹಾಡಿನ ಮೊದಲ ಸಾಲಿಗೇ ಕಣ್ಣು ಕಿರಿದಾಗುವುದನ್ನು ನೋಡುತ್ತೀರಿ. ಯೂಟ್ಯೂಬ್ ಜೋಗುಳ ಹಾಕುವವರು ಪರದೆಯನ್ನು ಮಗುವಿನ ಕಡೆ ತಿರುಗಿಸಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಾಡು ಮುಗಿಯುವಾಗ ಮಗು ಇನ್ನೂ ಪೂರ್ತಿ ನಿದ್ದೆ ಹೋಗಿರದೆ ಮಂಪರಿನಲ್ಲಿದ್ದರೆ ಹಾಸಿಗೆಯಲ್ಲಿ ಹಾಕಿ ನೋಡಿ. ಎದೆಯ ಮೇಲೆ ಕೈ ಇಟ್ಟು ನಿಧಾನ ತಟ್ಟಿ. ಮಲಗಿದರೆ ಸಂತೋಷ. ಅತ್ತರೆ ಎತ್ತಿಕೊಳ್ಳಿ, ಹೇಗೆ ಮಲಗಿಸುತ್ತಿದ್ದಿರೋ ಹಾಗೇ ಮಲಗಿಸಿ, ನಾಳೆ ಮತ್ತೆ ನೋಡೋಣ. ದಿನಕ್ಕೆ ಒಂದೇ ಪ್ರಯತ್ನ. ಎಲ್ಲ ನಿದ್ದೆಗೂ ಇದೇ ಪರೀಕ್ಷೆ ಒಡ್ಡಿದರೆ ಮಗುವೂ ಸುಸ್ತು, ನೀವೂ ಸುಸ್ತು.

ಬರೀ ಅರ್ಧ ಗಂಟೆಗೆ ಎದ್ದುಬಿಡುತ್ತಾಳೆ. ನಿದ್ದೆ ಉದ್ದ ಮಾಡುವುದು ಹೇಗೆ?

ಬಹುಶಃ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸ್ನಾನಕ್ಕೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಅಳು ಕೇಳುತ್ತದೆ ಅಲ್ವಾ?

ಮಗುವಿನ ನಿದ್ದೆ ಸುತ್ತು ಸುತ್ತಾಗಿ ಸಾಗುತ್ತದೆ. ಒಂದು ಸುತ್ತು ಸುಮಾರು 45-50 ನಿಮಿಷ. ದೊಡ್ಡವರದ್ದು ಒಂದೂವರೆ ಗಂಟೆ. ಸುತ್ತು ಮುಗಿಯುವಾಗ ನಿದ್ದೆ ತೆಳುವಾಗುತ್ತದೆ, ಅಲ್ಲಿಂದ ಇನ್ನೊಂದು ಸುತ್ತಿಗೆ ಜಾರಬೇಕು. ರಾತ್ರಿ ಕತ್ತಲೆಯೂ ಮೆಲಟೋನಿನ್ನೂ ಸೇರಿ ಜಾರಿಸುತ್ತವೆ. ಹಗಲು ಆ ಸಹಾಯ ಇಲ್ಲ. ಹಾಗಾಗಿ ಐದಾರು ತಿಂಗಳವರೆಗೆ ಮೂವತ್ತು, ನಲವತ್ತು ನಿಮಿಷದ ನಿದ್ದೆ ಸಹಜ. ಇದು ನಿಮ್ಮ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ. ಆರನೇ ತಿಂಗಳ ಆಸುಪಾಸಿನಲ್ಲಿ ಬಹಳ ಮಕ್ಕಳ ನಿದ್ದೆ ತಾನಾಗೇ ಉದ್ದವಾಗುತ್ತದೆ.

ಆದರೂ ನೋಡಬಹುದಾದ ಕೆಲವು ವಿಷಯ ಇವೆ. ಮೂರು ತಿಂಗಳಾದ ಮೇಲೆ ಕೋಣೆ ಮಬ್ಬಾಗಿರಲಿ. ಈಗ ಅದಕ್ಕೆ ಸುತ್ತಲಿನ ಆಟ ಕಾಣುತ್ತದೆ, ಬೆಳಕಿದ್ದರೆ ಎದ್ದು ನೋಡುವ ಆಸೆ. ಹಳೆಯ ದಪ್ಪ ಬೆಡ್‌ಶೀಟನ್ನು ಕಿಟಕಿಗೆ ಕಟ್ಟಿದರೂ ನಡೆಯುತ್ತದೆ. ಹಾಲು ಕುಡಿದು ಬಹಳ ಹೊತ್ತಾದ ಮೇಲೆ ಮಲಗಿದ್ದರೆ ಹಸಿವೇ ಎಬ್ಬಿಸಿರಬಹುದು. ಎದ್ದ ಕೂಡಲೇ ಓಡಿ ಹೋಗಿ ಎತ್ತಿಕೊಳ್ಳಬೇಡಿ. ಪುಟ್ಟ ಮಕ್ಕಳ ನಿದ್ದೆಯಲ್ಲಿ ಅರ್ಧದಷ್ಟು ಚಂಚಲ ನಿದ್ದೆ. ಆಗ ಅವು ಮುಲುಗುತ್ತವೆ, ನಗುತ್ತವೆ, ಮುಖ ಹಿಂಡುತ್ತವೆ, ಅರೆಗಣ್ಣು ಬಿಡುತ್ತವೆ. ನೋಡಿದವರಿಗೆ ಎದ್ದಂತೆ ಕಾಣುತ್ತದೆ. ಒಂದೆರಡು ನಿಮಿಷ ಕಾದರೆ ಎಷ್ಟೋ ಸಲ ಮತ್ತೆ ಮಲಗಿಬಿಡುತ್ತವೆ. ನಿಜವಾಗಿ ಎದ್ದು ಕರೆಯುತ್ತಿದ್ದರೆ ಹೋಗಿ ತಟ್ಟಿ ನೋಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಆ ನಿದ್ದೆ ಮುಗಿಯಿತು. ಎತ್ತಿಕೊಂಡು ಹೊರಗೆ ಬನ್ನಿ, ಮುಂದಿನ ನಿದ್ದೆಯನ್ನು ಸ್ವಲ್ಪ ಬೇಗ ಕೊಡಿ.

ಹೆಗಲ ಮೇಲೆ, ಎದೆ ಮೇಲೆ ಮಾತ್ರ ಮಲಗುತ್ತಾನೆ. ಕೆಳಗೆ ಹಾಕಿದರೆ ಕರೆಂಟ್ ಹೊಡೆದ ಹಾಗೆ ಏಳುತ್ತಾನೆ.

ಹುಟ್ಟಿದ ಮಕ್ಕಳಲ್ಲಿ ಬೆಚ್ಚಿ ಬೀಳುವ ಸಹಜ ಕ್ರಿಯೆ ಒಂದಿದೆ. ತಲೆ ಸ್ವಲ್ಪ ಹಿಂದಕ್ಕೆ ವಾಲಿದರೂ ಸಾಕು, ಬೀಳುತ್ತಿದ್ದೇನೆ ಎನಿಸಿ ಎರಡೂ ಕೈ ಚಾಚಿ ಎಚ್ಚರಾಗುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಇದು ಮಾಯವಾಗುತ್ತದೆ. ಅಲ್ಲಿಯವರೆಗೆ ಕೆಳಗೆ ಹಾಕುವಾಗ ತಲೆ ಮೊದಲು ತಾಗಿಸಬೇಡಿ. ಮಗುವನ್ನು ಎದೆಗೆ ಒತ್ತಿಕೊಂಡೇ ಬಗ್ಗಿ, ಮೊದಲು ಕಾಲು, ಆಮೇಲೆ ಸೊಂಟ, ಬೆನ್ನು, ಕೊನೆಗೆ ತಲೆ. ಕೈ ಕೂಡಲೇ ತೆಗೆಯಬೇಡಿ. ನಿದ್ದೆ ಹೋಗಿ ಹದಿನೈದು ನಿಮಿಷವಾಗಿ ಕೈ ಪೂರ್ತಿ ಸಡಿಲಾದ ಮೇಲೆ ಹಾಕಿದರೆ ಗೆಲ್ಲುವ ಅವಕಾಶ ಜಾಸ್ತಿ.

ಎತ್ತಿಕೊಂಡರೆ ರೂಢಿ ಕೆಡುತ್ತದೆ ಎಂಬ ಮಾತನ್ನು ಮೊದಲ ಮೂರು ತಿಂಗಳು ಕಿವಿಗೇ ಹಾಕಿಕೊಳ್ಳಬೇಡಿ. ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ: ಮಗುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲೋ ಒರಗು ಕುರ್ಚಿಯಲ್ಲೋ ನೀವೇ ನಿದ್ದೆ ಹೋಗಬಾರದು. ಮಗು ಸಂದಿಗೆ ಜಾರಿ ಉಸಿರು ಕಟ್ಟುವ ಅಪಾಯ ಹಾಸಿಗೆಗಿಂತ ಅಲ್ಲಿ ಎಷ್ಟೋ ಪಟ್ಟು ಹೆಚ್ಚು. ಕಣ್ಣು ಎಳೆಯುತ್ತಿದ್ದರೆ ಇನ್ನೊಬ್ಬರ ಕೈಗೆ ಕೊಡಿ.

ತೊಟ್ಟಿಲು, ಸೀರೆ ಜೋಲಿ ಬಳಸಬಹುದಾ?

ಕಲಘಟಗಿಯ ಬಣ್ಣದ ತೊಟ್ಟಿಲು ಮನೆತನದ ಆಸ್ತಿಯಂತೆ ತಲೆಮಾರು ದಾಟಿ ಬಂದ ಮನೆಗಳಿವೆ. ಅಂಥ ಮನೆಯಲ್ಲಿ ತೊಟ್ಟಿಲು ಬೇಡ ಎಂದರೆ ಯಾರು ಕೇಳುತ್ತಾರೆ? ಹೇಳುವ ಅಗತ್ಯವೂ ಇಲ್ಲ. ಸಮತಟ್ಟಾದ, ಗಟ್ಟಿ ತಳವಿರುವ ಮರದ ತೊಟ್ಟಿಲು ಒಳ್ಳೆಯದೇ. ಸರಳುಗಳ ನಡುವೆ ತಲೆ ತೂರುವಷ್ಟು ಸಂದಿ ಇರಬಾರದು, ಕೊಕ್ಕೆ ಸರಪಳಿ ಭದ್ರವಾಗಿರಬೇಕು. ಹಳೆಯ ತೊಟ್ಟಿಲಿಗೆ ಮತ್ತೆ ಬಣ್ಣ ಹೊಡೆಸುವುದಾದರೆ ಸೀಸವಿಲ್ಲದ ಬಣ್ಣ ಕೇಳಿ. ಮಗು ಮಗುಚಿಕೊಳ್ಳಲು, ಹಿಡಿದು ಏಳಲು ಶುರು ಮಾಡಿದ ಮೇಲೆ ತೂಗುವ ತೊಟ್ಟಿಲಿಗೆ ವಿದಾಯ ಹೇಳಬೇಕು.

ಜೋಲಿಯ ಕಥೆ ಬೇರೆ. ಅದರಲ್ಲಿ ಮಗು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಪುಟ್ಟ ಮಗುವಿನ ಉಸಿರುನಾಳ ಮೆತ್ತಗಿರುವುದರಿಂದ ಆ ಭಂಗಿಯಲ್ಲಿ ಗಾಳಿ ಆಡುವುದು ಕಷ್ಟ. ಮುಖಕ್ಕೆ ಬಟ್ಟೆಯೂ ಕವಿಯುತ್ತದೆ. ನಮ್ಮಲ್ಲಿ ಸಾವಿರಾರು ಮಕ್ಕಳು ಜೋಲಿಯಲ್ಲೇ ಬೆಳೆದಿವೆ ಎನ್ನುವುದು ನಿಜ. ಆಗ ಮನೆ ತುಂಬ ಜನ, ತೂಗುವ ಕೈ ಪಕ್ಕದಲ್ಲೇ ಇರುತ್ತಿತ್ತು. ಈಗ ಜೋಲಿಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಅಮ್ಮ ಪಕ್ಕದ ಕೋಣೆಯಲ್ಲಿ ಮೀಟಿಂಗ್‌ಗೆ ಕೂರುತ್ತಾಳೆ. ನನ್ನ ಸಲಹೆ: ಜೋಲಿಯಲ್ಲಿ ತೂಗಿ ಸಮಾಧಾನ ಮಾಡಿ, ಕಣ್ಣು ಮುಚ್ಚಿದ ಮೇಲೆ ಸಮತಟ್ಟಾದ ಹಾಸಿಗೆಗೆ ವರ್ಗಾಯಿಸಿ. ಕಣ್ಣಳತೆಯಲ್ಲಿ ಯಾರೂ ಇಲ್ಲದಿದ್ದರೆ ಜೋಲಿ ಬೇಡ. ಕಾರ್ ಸೀಟು, ಬೌನ್ಸರ್‌ಗಳಿಗೂ ಇದೇ ಮಾತು. ಪ್ರಯಾಣದಲ್ಲಿ ನಿದ್ದೆ ಹೋದರೆ ಸರಿ, ಮನೆ ತಲುಪಿದ ಮೇಲೆ ಹಾಸಿಗೆಗೆ.

ಅಂಗಾತ ಮಲಗಿಸಿದರೆ ಬೆಚ್ಚುತ್ತೆ, ಬೋರಲು ಹಾಕಿದರೆ ಎರಡು ಗಂಟೆ ಮಲಗುತ್ತೆ. ಹಗಲಲ್ಲವಾ, ಪರವಾಗಿಲ್ವಾ?

ಹಗಲಾದರೂ ಬೇಡ. ಬೋರಲು ಮಲಗಿದ ಮಗು ಗಾಢವಾಗಿ ಮಲಗುತ್ತದೆ, ಆ ಗಾಢ ನಿದ್ದೆಯೇ ಅಪಾಯ. ಉಸಿರಿಗೆ ತೊಂದರೆಯಾದಾಗ ಎಚ್ಚರಾಗುವ ಶಕ್ತಿ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 1994ರಿಂದ ಮಕ್ಕಳನ್ನು ಅಂಗಾತ ಮಲಗಿಸಿ ಎಂದು ದೊಡ್ಡ ಪ್ರಚಾರ ನಡೆಸಿದ ಮೇಲೆ ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಶಿಶುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಒಂದು ವರ್ಷ ತುಂಬುವವರೆಗೆ ಪ್ರತಿ ನಿದ್ದೆಗೂ ಅಂಗಾತವೇ ಹಾಕಿ. ಹಾಗೆ ಹಾಕಿದ ಮೇಲೆ, ಎರಡೂ ಕಡೆ ಸಲೀಸಾಗಿ ಮಗುಚಿಕೊಳ್ಳಲು ಕಲಿತ ಮಗು ನಿದ್ದೆಯಲ್ಲಿ ತಾನೇ ತಿರುಗಿದರೆ ಹಾಗೇ ಬಿಡಬಹುದು. ಎದ್ದಿರುವಾಗ ಎದುರಿಗೆ ಕೂತು ಬೋರಲು ಆಡಿಸಿ, ಅದು ಕತ್ತಿಗೂ ಒಳ್ಳೆಯದು.

ಹಾಸಿಗೆಯಲ್ಲಿ ಮಗುವಿನ ಹೊರತು ಬೇರೇನೂ ಇರಬಾರದು. ದಿಂಬು, ರಜಾಯಿ, ಗೊಂಬೆ, ಸುತ್ತ ಕಟ್ಟುವ ಮೆತ್ತೆ ಯಾವುದೂ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ತಲೆಯ ಆಕಾರಕ್ಕೆ ಮಲಗಿಸುವಾಗ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಮುಖ ತಿರುಗಿಸಿದರೆ ಸಾಕು. ಮನೆಯೊಳಗೆ ಮಲಗುವಾಗ ಕುಲಾವಿ ತೆಗೆಯಿರಿ. ಮಕ್ಕಳು ಸೆಕೆಯನ್ನು ಹೊರಹಾಕುವುದು ಹೆಚ್ಚಾಗಿ ತಲೆಯಿಂದ, ಜೊತೆಗೆ ಅದು ಜಾರಿ ಮೂಗು ಮುಚ್ಚಬಹುದು.

ಬೆಚ್ಚುವ ಮಗುವಿಗೆ ತೆಳು ಹತ್ತಿ ಬಟ್ಟೆ ಸುತ್ತಬಹುದು. ತೋಳಿನ ಬಳಿ ಬಿಗಿ, ಸೊಂಟದ ಕೆಳಗೆ ಸಡಿಲ. ಕಾಲನ್ನು ನೇರ ಮಾಡಿ ಬಿಗಿದು ಕಟ್ಟಿದರೆ ಸೊಂಟದ ಕೀಲಿಗೆ ತೊಂದರೆ. ಮಗುಚಿಕೊಳ್ಳುವ ಸೂಚನೆ ಕಂಡ ದಿನವೇ ಸುತ್ತುವುದನ್ನು ನಿಲ್ಲಿಸಿ.

ಎಣ್ಣೆ ನೀರು ಹಾಕಿದ ದಿನ ಚೆನ್ನಾಗಿ ಮಲಗುತ್ತೆ. ಹಾಗಾದರೆ ದಿನಾ ಹಾಕಬಹುದಾ?

ಹದವಾದ ನೀರು, ಮೆಲ್ಲನೆಯ ಕೈ, ಗಡಿಬಿಡಿಯಿಲ್ಲದ ಸ್ನಾನ, ಇವಿಷ್ಟಿದ್ದರೆ ದಿನಾ ಆಗಲಿ. ಸ್ನಾನವನ್ನು ಬೆಳಗಿನ ನಿದ್ದೆಯ ಮುಂಚೆ ಇಟ್ಟುಕೊಂಡರೆ ಅದೇ ಒಂದು ಕ್ರಮವಾಗುತ್ತದೆ. ಸುಡುವ ನೀರು, ಕೈಕಾಲು ಹಿಡಿದು ಎಳೆಯುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ. ಅತ್ತು ಅತ್ತು ಸೋತು ಮಲಗುವುದನ್ನು ಒಳ್ಳೆಯ ನಿದ್ದೆ ಎಂದು ಲೆಕ್ಕ ಹಾಕಬೇಡಿ. ಸಾಂಬ್ರಾಣಿ ಹೊಗೆಯನ್ನು ಮಗುವಿನ ಹತ್ತಿರ ತರಬೇಡಿ. ಘಮ ಚೆನ್ನಾಗಿರುತ್ತದೆ ನಿಜ, ಪುಟ್ಟ ಶ್ವಾಸಕೋಶಕ್ಕೆ ಅದು ಹೊಗೆಯೇ. ತಲೆ ಒಣಗಲು ಮೆತ್ತನೆಯ ಟವೆಲ್ ಸಾಕು.

ನಿದ್ದೆ ಬರಲೆಂದು ಜಾಜಿಕಾಯಿ ತೇಯ್ದು ಕೊಡುತ್ತಾರೆ. ಗ್ರೈಪ್ ವಾಟರ್? ಜೇನು?

ಮೂರೂ ಬೇಡ. ಜಾಜಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಮಿದುಳಿನ ಮೇಲೆ ಪ್ರಭಾವ ಬೀರುವ ವಸ್ತು. ತೇಯ್ದಾಗ ಎಷ್ಟು ಹೋಯಿತು ಎಂದು ಯಾರೂ ಅಳೆಯಲಾರರು, ಐದು ಕೆಜಿಯ ಮಗುವಿಗೆ ಅದು ಜಾಸ್ತಿಯಾದರೆ ವಿಷ. ಜೇನಿನಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಗ್ರೈಪ್ ವಾಟರನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಮಾರಾಟಕ್ಕೆ ತಂದ. ಆಗಿನ ಮದ್ದಿನಲ್ಲಿ ಆಲ್ಕೋಹಾಲ್ ಇತ್ತು, ಮಕ್ಕಳು ಸುಮ್ಮನಾದದ್ದರಲ್ಲಿ ಆಶ್ಚರ್ಯವೇನಿಲ್ಲ! ಈಗಿನದ್ದರಲ್ಲಿ ಅದಿಲ್ಲ, ಆದರೆ ನಿದ್ದೆಗೆ ಉಪಯೋಗವೂ ಇಲ್ಲ. ಆರು ತಿಂಗಳವರೆಗೆ ಎದೆಹಾಲು, ಇಲ್ಲವೇ ಡಾಕ್ಟರ್ ಹೇಳಿದ ಹಾಲು, ಇಷ್ಟೇ.

ಅತ್ತೆಗೋ ಅಮ್ಮನಿಗೋ ಇದನ್ನು ನೀವು ಹೇಳಿದರೆ ಜಗಳವಾಗುವ ಮನೆಗಳಿವೆ. ಮುಂದಿನ ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಹೇಳಿಸಿ.

ಕುಕ್ಕರ್ ಸೀಟಿ, ರಸ್ತೆ ಹಾರ್ನ್. ಮನೆ ನಿಶ್ಶಬ್ದ ಮಾಡಬೇಕಾ?

ಆಗದ ಮಾತು. ಹೊಟ್ಟೆಯೊಳಗೂ ಮಗು ಸದ್ದಿನಲ್ಲೇ ಇತ್ತು. ಒಂದೇ ಸಮನೆ ಬರುವ ಫ್ಯಾನಿನ ಸದ್ದು ತೊಂದರೆಯಲ್ಲ, ಥಟ್ಟನೆ ಬರುವ ಸದ್ದು ತೊಂದರೆ. ನಿದ್ದೆಗೆಂದು ಗುಯ್‌ಗುಟ್ಟುವ ಯಂತ್ರ ಕೊಳ್ಳುವವರು ಗಮನಿಸಿ: 2014ರಲ್ಲಿ ಕೆನಡಾದ ಸಂಶೋಧಕರು ಅಂಥ 14 ಯಂತ್ರಗಳನ್ನು ಪರೀಕ್ಷಿಸಿದಾಗ, ಪೂರ್ತಿ ಜೋರಾಗಿಟ್ಟರೆ ಅವು ಆಸ್ಪತ್ರೆಯ ಶಿಶು ಕೋಣೆಗೆ ಹಾಕಿರುವ 50 ಡೆಸಿಬೆಲ್ ಮಿತಿಯನ್ನು ಮೀರುತ್ತಿದ್ದವು. ಕೋಣೆಯ ಇನ್ನೊಂದು ಮೂಲೆಯಲ್ಲಿಡಿ, ಕಡಿಮೆ ಸದ್ದಿಗಿಡಿ, ಮಲಗಿದ ಮೇಲೆ ಆರಿಸಿ.

ಸೊಳ್ಳೆ, ಸೆಕೆ, ಕರೆಂಟ್ ಹೋಗುವುದು?

ಡೆಂಗಿ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯ ಮುಂಚೆ. ರಾತ್ರಿ ಮಾತ್ರ ಪರದೆ ಕಟ್ಟುವ ಮನೆಗಳು ಇದನ್ನು ಮರೆಯುತ್ತವೆ. ಹಗಲು ನಿದ್ದೆಗೂ ಸೊಳ್ಳೆ ಪರದೆ ಬೇಕೇ ಬೇಕು. ಬಿಗಿಯಾಗಿ ಎಳೆದು ಕಟ್ಟಿ, ಮಗುವಿನ ಮುಖಕ್ಕೆ ಜೋತು ಬೀಳಬಾರದು. ಬತ್ತಿ ಹಚ್ಚಬೇಡಿ.

ಸೆಕೆಯನ್ನು ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗೇ ಇರುತ್ತವೆ. ಕತ್ತಿನ ಹಿಂದೆ ಮುಟ್ಟಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಏಪ್ರಿಲ್ ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಲಂಗೋಟಿಯೊಂದೇ ಸಾಕು. ಫ್ಯಾನ್, ಕೂಲರ್, ಎಸಿ ಯಾವುದೂ ಹಾಕಬಹುದು, ಗಾಳಿ ನೇರ ಮುಖಕ್ಕೆ ಬರದಿದ್ದರಾಯಿತು.

ಹಾಲು ಕುಡಿಯುತ್ತಲೇ ಮಲಗಿಬಿಡುತ್ತಾಳೆ. ಕೆಟ್ಟ ಅಭ್ಯಾಸವಾ?

ಅಲ್ಲ. ಮಕ್ಕಳು ಹುಟ್ಟಿದ್ದೇ ಹಾಗೆ. ಆರು ತಿಂಗಳ ಹೊತ್ತಿಗೆ ಬೇರೆಯವರೂ ಮಲಗಿಸುವಂತಾಗಬೇಕು ಅನಿಸಿದರೆ, ಆ ಬೆಳಗಿನ ಒಂದು ನಿದ್ದೆಯಲ್ಲಿ ಮಾತ್ರ ಹಾಲನ್ನು ಹತ್ತು ನಿಮಿಷ ಮುಂಚೆ ಕೊಟ್ಟು, ಆಮೇಲೆ ಹಾಡು ಹೇಳಿ.

ನಾಲ್ಕು ತಿಂಗಳಿಗೆ ಇದ್ದ ನಿದ್ದೆಯೂ ಹಾಳಾಯಿತು!

ಹಾಳಾಗಿಲ್ಲ, ಬದಲಾಗಿದೆ. ಮೊದಲ ಮೂರು ತಿಂಗಳು ನಿದ್ದೆಯಲ್ಲಿ ಎರಡೇ ಬಗೆ. ಮೂರು ನಾಲ್ಕು ತಿಂಗಳಲ್ಲಿ ಅದು ದೊಡ್ಡವರ ನಿದ್ದೆಯಂತೆ ಹಲವು ಹಂತಗಳಾಗಿ ಒಡೆಯುತ್ತದೆ, ಹಂತಗಳ ನಡುವೆ ಎಚ್ಚರಾಗುವ ಸಂದರ್ಭವೂ ಹೆಚ್ಚು. ಅದೇ ಹೊತ್ತಿಗೆ ಮಗುಚಿಕೊಳ್ಳುವ ಕಸರತ್ತು. ಎರಡರಿಂದ ಆರು ವಾರ ಹೀಗಿರಬಹುದು. ಹೊಸ ಪ್ರಯೋಗ ಮಾಡುವ ಕಾಲವಲ್ಲ ಇದು. ಮೊದಲಿಂದ ಏನು ಮಾಡುತ್ತಿದ್ದಿರೋ ಅದನ್ನೇ ಮಾಡುತ್ತ ಹೋಗಿ. ಹಲ್ಲು ಬರುತ್ತಿದೆ ಎಂದು ಎಲ್ಲವನ್ನೂ ಹಲ್ಲಿನ ಮೇಲೆ ಹಾಕುವವರಿಗೂ ಇದೇ ಉತ್ತರ.

ಅಳಲು ಬಿಟ್ಟರೆ ತಾನೇ ಕಲಿಯುತ್ತೆ ಅಂತ ಒಬ್ಬರು ಹೇಳಿದರು.

ಆರು ತಿಂಗಳೊಳಗೆ ನಾನು ಒಪ್ಪುವುದಿಲ್ಲ. ಗೊಣಗುವುದಕ್ಕೂ ಅಳುವುದಕ್ಕೂ ವ್ಯತ್ಯಾಸ ಇದೆ. ಏರಿಳಿತದ ಗೊಣಗಾಟಕ್ಕೆ ಎರಡು ನಿಮಿಷ ಕಾಯಬಹುದು. ಏರುತ್ತಲೇ ಹೋಗುವ ಅಳುವಿಗೆ ಹೋಗಬೇಕು. ಆರನೇ ವಾರದ ಆಸುಪಾಸಿನಲ್ಲಿ ಅಳು ತುತ್ತತುದಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಏನು ಮಾಡಿದರೂ ನಿಲ್ಲದ ಅಳು ಇರುತ್ತದೆ. ನಿಮಗೆ ಸಿಟ್ಟು ನೆತ್ತಿಗೇರಿದರೆ ಮಗುವನ್ನು ಅಂಗಾತ ಸುರಕ್ಷಿತವಾಗಿ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಕುಲುಕಬೇಡಿ, ಎಂದೂ. ಪುಟ್ಟ ಮಗುವನ್ನು ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಮಗು ಮಲಗಿದಾಗ ನೀನೂ ಮಲಗು ಅಂತಾರೆ. ನನಗೆ ನಿದ್ದೆಯೇ ಬರುವುದಿಲ್ಲ.

ಆ ಸಲಹೆ ಕೊಡುವವರು ಬಟ್ಟೆ ಒಗೆದು ಅಡುಗೆಯನ್ನೂ ಮಾಡಿಟ್ಟರೆ ಮಲಗಬಹುದು. ದಿನಕ್ಕೆ ಒಂದು ಹಗಲು ನಿದ್ದೆಯ ಪೂರ್ತಿ ಹೊಣೆಯನ್ನು ಅಪ್ಪನಿಗೋ ಅಜ್ಜಿಗೋ ಕೊಟ್ಟುಬಿಡಿ. ಆದರೆ ಮಗು ಗಾಢವಾಗಿ ಮಲಗಿದ್ದರೂ, ಮನೆ ಶಾಂತವಾಗಿದ್ದರೂ ನಿಮಗೆ ಕಣ್ಣು ಮುಚ್ಚಲಾಗದಿದ್ದರೆ, ಸದಾ ಭಯ, ಅಳು, ಬೇಸರ ಎರಡು ವಾರ ದಾಟಿದರೆ, ಅದು ಬರೀ ಸುಸ್ತಲ್ಲ. ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದೀಪ ಹಚ್ಚುವ ಹೊತ್ತಲ್ಲಿ ಮಲಗಿಸಬಾರದು ಅಂತಾರೆ ಅಜ್ಜಿ. ಸರೀನಾ?

ಮೂರು ತಿಂಗಳೊಳಗಿನ ಮಗುವಿಗೆ ಈ ನಿಯಮ ಅನ್ವಯಿಸದು, ಅದಕ್ಕೆ ಯಾವಾಗ ನಿದ್ದೆ ಬಂದರೂ ಮಲಗಲಿ. ಐದಾರು ತಿಂಗಳಾದ ಮೇಲೆ ಅಜ್ಜಿಯ ಮಾತಿನಲ್ಲಿ ಅರ್ಥವಿದೆ. ಸಂಜೆ ಆರೂವರೆಗೆ ಮಲಗಿ ಏಳೂವರೆಗೆ ಎದ್ದ ಮಗು ರಾತ್ರಿ ಹತ್ತರವರೆಗೂ ಆಡುತ್ತದೆ. ಸಂಜೆಯ ನಿದ್ದೆ ಐದು, ಐದೂವರೆಗೆ ಮುಗಿಯಲಿ. ಅದನ್ನೂ ಅರ್ಧ ಗಂಟೆಗೆ ನಿಲ್ಲಿಸಿ. ತೀರಾ ತೂಕಡಿಸಿದರೆ ರಾತ್ರಿ ನಿದ್ದೆಯನ್ನೇ ಅರ್ಧ ಗಂಟೆ ಹಿಂದಕ್ಕೆ ತನ್ನಿ.

ರಜೆ ಮುಗಿಯುತ್ತಿದೆ. ನಾನಿಲ್ಲದೆ ಮಲಗುವುದು ಹೇಗೆ?

2017ರ ತಿದ್ದುಪಡಿಯ ನಂತರ ನಮ್ಮಲ್ಲಿ ಹೆರಿಗೆ ರಜೆ 26 ವಾರ. ಅದರಲ್ಲಿ ಕೆಲವು ವಾರ ಹೆರಿಗೆಗೆ ಮುಂಚೆಯೇ ಹೋಗಿರುತ್ತದೆ. ಕೆಲಸಕ್ಕೆ ಸೇರುವ ಮೂರು ವಾರ ಮೊದಲೇ, ನೋಡಿಕೊಳ್ಳುವವರ ಕೈಗೆ ದಿನಕ್ಕೆ ಒಂದು ನಿದ್ದೆ ಕೊಡಿ. ಆಗ ನೀವು ಮನೆಯಲ್ಲೇ ಇದ್ದರೆ ಮಗು ನಿಮ್ಮ ವಾಸನೆ ಹಿಡಿಯುತ್ತದೆ, ಅಂಗಡಿಗೆ ಹೋಗಿ ಬನ್ನಿ. ಅವರು ನಿಮ್ಮ ಥರವೇ ಮಲಗಿಸಬೇಕೆಂದಿಲ್ಲ. ಅಜ್ಜಿ ಕಾಲ ಮೇಲೆ ಹಾಕಿ ತಟ್ಟಿ ಮಲಗಿಸಿದರೆ ಅದು ಅಜ್ಜಿಯ ಪದ್ಧತಿ, ಮಗು ಎರಡನ್ನೂ ಕಲಿಯುತ್ತದೆ. ಅಂಗಾತ ಮಲಗಿಸುವುದು, ಖಾಲಿ ಹಾಸಿಗೆ, ಬಾಯಿಗೆ ಏನೂ ತೇಯ್ದು ಹಾಕದಿರುವುದು, ಇವಿಷ್ಟಕ್ಕೆ ಮಾತ್ರ ಹಟ ಹಿಡಿಯಿರಿ. ಡೇಕೇರ್ ಆದರೆ ಮಲಗಿಸುವ ಕೋಣೆಯನ್ನು ಕಣ್ಣಾರೆ ನೋಡಿ ಬನ್ನಿ.

ಅಮೆರಿಕದಿಂದ ಊರಿಗೆ ಬರುತ್ತಿದ್ದೇವೆ. ನಿದ್ದೆ ಏನಾಗುತ್ತದೆ?

ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಅಂತರ. ಹಗಲು ರಾತ್ರಿ ಪೂರ್ತಿ ಅದಲುಬದಲು. ಒಂದು ವಾರದಿಂದ ಹತ್ತು ದಿನ ಬೇಕಾಗುತ್ತದೆ ಎಂದು ಮೊದಲೇ ಮನೆಯವರಿಗೆ ಹೇಳಿಡಿ, ಬಂದ ಮರುದಿನವೇ ದೇವಸ್ಥಾನ, ಸಂಬಂಧಿಕರ ಮನೆ ಎಂದು ಹೊರಡಬೇಡಿ. ಬೆಳಗ್ಗೆ ಅಂಗಳದ ಬೆಳಕಿಗೆ ಕರೆದುಕೊಂಡು ಬನ್ನಿ. ಹಗಲು ಒಂದೇ ಸಮನೆ ಎರಡು ಗಂಟೆಗಿಂತ ಜಾಸ್ತಿ ಮಲಗಲು ಬಿಡಬೇಡಿ. ರಾತ್ರಿ ಎರಡಕ್ಕೆ ಎದ್ದು ನಗುತ್ತಿದ್ದರೆ ದೀಪ ಹಾಕದೆ, ಆಡಿಸದೆ, ಹಾಲು ಕೊಟ್ಟು ಪಕ್ಕದಲ್ಲಿ ಬಿದ್ದುಕೊಂಡಿರಿ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ಎಬ್ಬಿಸಿದರೂ ಸರಿಯಾಗಿ ಏಳದೆ, ಹಾಲು ಕುಡಿಯಲು ಆಗದಷ್ಟು ಜಡವಾಗಿದ್ದರೆ ಕೂಡಲೇ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೂ ಕೂಡಲೇ, ಬೆಳಗಾಗಲಿ ಎಂದು ಕಾಯಬೇಡಿ. ಉಸಿರಾಡುವಾಗ ಪಕ್ಕೆಲುಬು ಒಳಕ್ಕೆ ಸೆಳೆದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ತುಟಿ ನೀಲಿಯಾದರೆ ಹಾಗೆಯೇ. ಮೊದಲ ವಾರ ಕಳೆದ ಮೇಲೂ ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡುವುದು, ತೂಕ ಏರದಿರುವುದು, ಕಣ್ಣು ಮೈ ಹಳದಿಯಾಗುವುದು, ಯಾವಾಗಲೂ ಜೋರು ಗೊರಕೆ, ಇವನ್ನೂ ತೋರಿಸಿ. 6, 10, 14ನೇ ವಾರದ ಲಸಿಕೆ ಹಾಕಿಸಿದ ದಿನ ಜಾಸ್ತಿ ಮಲಗುವುದು ಮಾಮೂಲು, ಎಬ್ಬಿಸಿದಾಗ ಹಾಲು ಕುಡಿಯುತ್ತಿದ್ದರೆ ಸಾಕು.

ಮೂರು ನಿದ್ದೆಯಿಂದ ಎರಡಕ್ಕೆ ಯಾವಾಗ ಇಳಿಸುವುದು?

ನೀವು ಇಳಿಸಬೇಕಿಲ್ಲ. ಆರರಿಂದ ಒಂಬತ್ತು ತಿಂಗಳ ನಡುವೆ ಸಂಜೆಯ ನಿದ್ದೆಗೆ ಮಗುವೇ ಒಲ್ಲೆ ಎನ್ನಲು ಶುರು ಮಾಡುತ್ತದೆ. ಒಂದೆರಡು ದಿನ ಒಲ್ಲೆ ಎಂದರೆ ಅದು ಮೂಡು. ಎರಡು ವಾರ ಹಾಗೇ ಆದರೆ ಬಿಟ್ಟುಬಿಡಿ, ಮಧ್ಯಾಹ್ನದ ನಿದ್ದೆಯನ್ನು ಸ್ವಲ್ಪ ಮುಂದಕ್ಕೆ ಹಾಕಿ, ರಾತ್ರಿ ಬೇಗ ಮಲಗಿಸಿ.